ಬಿಕೋ ಎನ್ನುವುದು ಮನೆಯೋ, ಮನಸ್ಸೋ?

ಹಳ್ಳಿಯ ಕನ್ನಡದಲ್ಲಿ ಒಂಟಿತನ ಬಹುಮಟ್ಟಿಗೆ ಮನುಷ್ಯನಿಗೆ ಸಲ್ಲುವ ಮಾತಲ್ಲ. ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಟ್ಟ ಮರುದಿನ ತಾಯಿ ಹೇಳುವುದು "ಮನೆ ಬಿಕೋ ಅಂತೈತೆ" ಎಂದು. "ನಾನು ಒಂಟಿಯಾದೆ" ಎಂದಲ್ಲ. ಜಾತ್ರೆ ಮುಗಿದ ಮೇಲೆ ಊರು ಬಿಕೋ ಎನ್ನುತ್ತದೆ. ಎತ್ತುಗಳನ್ನು ಮಾರಿದ ಮೇಲೆ ಕೊಟ್ಟಿಗೆ ಬಿಕೋ ಎನ್ನುತ್ತದೆ. ಬರಿದಾಗುವುದು ಜಾಗ, ಅದರೊಳಗೆ ಕುಳಿತ ಜೀವದ ಮಾತನ್ನು ಯಾರೂ ಎತ್ತುವುದಿಲ್ಲ. ಒಂಟಿಯೆಂಬ ಮಾತು ಸಲಗಕ್ಕೆ ಸಲ್ಲುತ್ತದೆ, ಹೊಲದ ನಡುವಿನ ಮರಕ್ಕೆ ಸಲ್ಲುತ್ತದೆ. ಇನ್ನು ಏಕಾಂತವೆಂಬ ಸಂಸ್ಕೃತದ ಮಾತೊಂದಿದೆಯಷ್ಟೆ? "ನಿಮ್ಮೊಡನೆ ಏಕಾಂತವಾಗಿ ಮಾತನಾಡಬೇಕು" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವಾಗ ಆ ಏಕಾಂತದಲ್ಲಿಯೂ ಇಬ್ಬರಿರುತ್ತಾರೆ!

ಈ ಬಿಕೋ ಎಂಬುದನ್ನು ಮನೆಯಿಂದ ಎತ್ತಿ ಮನುಷ್ಯನ ಎದೆಯೊಳಗೆ ಇಟ್ಟದ್ದು ಹೊಸ ಕಾಲದ ಕಾದಂಬರಿ. ಅದನ್ನು ಓದಿದ ಮೊದಲ ತಲೆಮಾರಿನವರಿಗೆ ಅದೊಂದು ಬೌದ್ಧಿಕ ಸಂಭ್ರಮವಾಗಿತ್ತು. ಇಂದಿನ ವಿದ್ಯಾರ್ಥಿಗೆ ಅದು ಹತ್ತು ಅಂಕದ ಪ್ರಶ್ನೆ. 'ಅನಾಥಪ್ರಜ್ಞೆ', 'ಪರಕೀಯತೆ', 'ಅಸ್ತಿತ್ವವಾದ' ಎಂಬ ತೂಕದ ಮಾತುಗಳು ಟಿಪ್ಪಣಿ ಪುಸ್ತಕದಿಂದ ಉತ್ತರ ಪತ್ರಿಕೆಗೆ, ಉತ್ತರ ಪತ್ರಿಕೆಯಿಂದ ಅಂಕಪಟ್ಟಿಗೆ ಸಾಗುತ್ತವೆ. ಓದಿದವರ ಒಳಗೆ ಅವು ಏನು ಮಾಡಿದವೆಂದು ಕೇಳುವವರು ವಿರಳ.

ಹಿರೇಗುಂಟನೂರಿನಂಥ ಊರಿನಿಂದ ದಿನವೂ ಬಸ್ಸು ಹತ್ತಿ ಚಿತ್ರದುರ್ಗದ ಕಾಲೇಜಿಗೆ ಬರುವ ಹುಡುಗಿಯೊಬ್ಬಳನ್ನು ನೆನೆಯಬಹುದು. ಆ ಊರು ದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ. ಹತ್ತಿರದಲ್ಲಿಯೇ ಅಡಿಕೆಗೆ ಹೆಸರಾದ ಭೀಮಸಮುದ್ರವಿದೆ. ಆ ಕಡೆಯ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಧೂಳೆಬ್ಬಿಸಿಕೊಂಡು ಓಡಾಡಿದ ಹಾದಿಗಳಿವೆ. ಉಳಿದಂತೆ ಮಳೆಯ ಮುಖ ನೋಡುವ ಮೆಕ್ಕೆಜೋಳದ, ಈರುಳ್ಳಿಯ ಹೊಲಗಳು. ಇಂಥ ಊರಿನ ಮನೆಯಲ್ಲಿ ಓದುವ ಕೋಣೆಯೆಂಬುದಿಲ್ಲ. ಪಡಸಾಲೆಯಲ್ಲಿ ದೂರದರ್ಶನ, ಅಡುಗೆಮನೆಯಲ್ಲಿ ತಾಯಿ, ಜಗಲಿಯಲ್ಲಿ ಅಜ್ಜಿ, ಅಜ್ಜಿಯ ಮುಂದೆ ಬಂದುಹೋಗುವ ಅರ್ಧ ಊರು. ಹುಡುಗಿಯೊಬ್ಬಳು ಪುಸ್ತಕ ಹಿಡಿದು ಮೂಲೆ ಸೇರಿದರೆ ಮೊದಲು ಬರುವ ಪ್ರಶ್ನೆ: "ಯಾಕವ್ವಾ, ಒಬ್ಬಳೇ ಕುಂತೀಯ? ಮೈಯಾಗೆ ಹುಷಾರಿಲ್ಲವಾ?" ಆ ಊರಿನ ನಿಘಂಟಿನಲ್ಲಿ ಒಬ್ಬರೇ ಕೂರುವುದಕ್ಕೆ ಎರಡೇ ಕಾರಣ: ಒಂದು ಜ್ವರ, ಇನ್ನೊಂದು ಮುನಿಸು.

ಇದರಲ್ಲಿ ನಗಬೇಕಾದದ್ದೇನೂ ಇಲ್ಲ. ಕಾದಂಬರಿ ಬರುವ ಮುನ್ನ ನಮ್ಮ ಜನ ಕಥೆಯನ್ನು ಒಬ್ಬೊಬ್ಬರೇ ಕೂತು ಅನುಭವಿಸಿದವರೇ ಅಲ್ಲ. ಜೈಮಿನಿಯನ್ನು ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಕೇಳಲು ಕೇರಿ ನೆರೆಯುತ್ತಿತ್ತು. ಹರಿಕಥೆಗೆ, ಬಯಲಾಟಕ್ಕೆ ಬೆಳಗಿನವರೆಗೆ ಊರೇ ಎಚ್ಚರ. ಚಂದ್ರಹಾಸನ ಕಷ್ಟಕ್ಕೆ ನೂರು ಜನ ಒಟ್ಟಿಗೆ ಕಣ್ಣೊರೆಸಿಕೊಂಡರೆ ಅದು ದುಃಖವೆನಿಸುತ್ತದೆಯೆ? ಅದು ಹಬ್ಬ! ಕಾದಂಬರಿಯೊಂದೇ ಓದುವವನನ್ನು ಮೊದಲು ಜನರಿಂದ ಬೇರ್ಪಡಿಸಿ, ಬಾಯಿ ಮುಚ್ಚಿಸಿ, ಆಮೇಲೆ ಕಥೆ ಹೇಳತೊಡಗಿದ ಸಾಹಿತ್ಯ. ಒಂಟಿತನ ಅದರ ವಸ್ತುವಾಗುವುದಕ್ಕೆ ಮೊದಲೇ ಅದರ ರೀತಿಯಾಗಿತ್ತು. ವಾರಪತ್ರಿಕೆಯ ಧಾರಾವಾಹಿ ಮಾತ್ರ ನಡುವಿನ ದಾರಿ ಹಿಡಿಯಿತೆನ್ನಬೇಕು. ಒಂದೇ ಪ್ರತಿಗಾಗಿ ಮನೆಮಂದಿಯೆಲ್ಲ ಸರದಿ ಕಾಯುವುದು, ಮೊದಲು ಓದಿದವರು ಮುಂದಿನದನ್ನು ಬಾಯಿಬಿಟ್ಟು ಬೈಸಿಕೊಳ್ಳುವುದು, ನಾಯಕಿಯ ಗತಿಯೇನೆಂದು ವಾರವಿಡೀ ನೆರೆಮನೆಯವರೊಡನೆ ವಾದಿಸುವುದು. ಅದರ ಓದುಗರು ಒಂಟಿಯಾಗಲು ಪುರುಸೊತ್ತೇ ಇರಲಿಲ್ಲ.

ಆ ಹುಡುಗಿಗೆ ತರಗತಿಯಲ್ಲಿ ಬರೆದು ಓದಲು ಸಿಕ್ಕ ವಿಷಯ 'ಆಧುನಿಕ ಕನ್ನಡ ಕಾದಂಬರಿಗಳಲ್ಲಿ ಒಂಟಿತನ'. ಗೆಳತಿಯರೊಡನೆ ಕೂಡಿ ಆಕೆ ಓದತೊಡಗಿದಳು. ಒಂಟಿತನವನ್ನು ಗುಂಪು ಕಟ್ಟಿಕೊಂಡು ಓದಿದ ವಿನೋದ ಅವರ ಗಮನಕ್ಕೂ ಬಾರದೆ ಇರಲಿಲ್ಲ.

ಮೊದಲು ಸಿಕ್ಕದ್ದು ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'. ಅದು ಪ್ರಕಟವಾದದ್ದು 1965ರಲ್ಲಿ. ಅದನ್ನು ಬರೆದಾಗ ಅನಂತಮೂರ್ತಿಯವರೂ ವಿದ್ಯಾರ್ಥಿಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಹೋಗಿದ್ದವರು. ಅಲ್ಲಿ ತಮ್ಮ ಮಾರ್ಗದರ್ಶಕರಾಗಿದ್ದ ಮಾಲ್ಕಂ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಚಲನಚಿತ್ರವನ್ನು ನೋಡಿದರಂತೆ. ಅದು ಸ್ವೀಡಿಷ್ ಭಾಷೆಯ ಚಿತ್ರ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಇರಲಿಲ್ಲ. ಅರ್ಧ ಅರ್ಥವಾದ ಆ ಚಿತ್ರ ತಮ್ಮೂರ ಕಡೆಯ ಅಗ್ರಹಾರವನ್ನು ಕಣ್ಮುಂದೆ ತಂದಿತೆಂದು ಅವರು ಹೇಳಿಕೊಂಡಿದ್ದಾರೆ. ಪರದೇಶದ ಚಳಿಯಲ್ಲಿ, ಪರಭಾಷೆಗಳ ನಡುವೆ ಕುಳಿತು ಒಬ್ಬ ವಿದ್ಯಾರ್ಥಿ ಕನ್ನಡದಲ್ಲಿ ಬರೆದ ಕಾದಂಬರಿಯಲ್ಲಿ ಒಂಟಿತನವಿರದೆ ಇನ್ನೇನಿದ್ದೀತು?

ಆದರೆ ಹುಡುಗಿಯರು ಹಿಡಿದದ್ದು ಪ್ರಾಣೇಶಾಚಾರ್ಯರನ್ನಲ್ಲ, ಪುಟ್ಟನನ್ನು. ಹೆಂಡತಿಯ ದಹನ ಮಾಡಿ, ದೂರ್ವಾಸಪುರದ ಅಗ್ರಹಾರವನ್ನು ಬಿಟ್ಟು, ಕಾಲು ಕೊಂಡೊಯ್ದತ್ತ ನಡೆಯುವ ಆಚಾರ್ಯರಿಗೆ ಬೇಕಾದದ್ದು ಒಂದೇ: ಯಾರ ಕಣ್ಣಿಗೂ ಬೀಳದೆ ತಾನು ಯಾರೆಂದು ತಿಳಿದುಕೊಳ್ಳುವುದು. ಆಗ ಗಂಟುಬೀಳುವವನು ಮಾಲೇರ ಪುಟ್ಟ. ಯಾವೂರು, ಎಲ್ಲಿಗೆ ಪಯಣ, ಯಾವ ಜನ ಎಂದು ಕೇಳುತ್ತಾನೆ, ಕೇಳದೆಯೇ ತನ್ನ ಕಥೆ ಹೇಳುತ್ತಾನೆ, ಒಗಟು ಹಾಕುತ್ತಾನೆ, ಮೇಳಿಗೆಯ ತೇರಿಗೆ ಕೈಹಿಡಿದು ಎಳೆದೊಯ್ಯುತ್ತಾನೆ. ವಿಮರ್ಶಕರು ಈ ಪುಟ್ಟನಲ್ಲಿ ಲೋಕದ ಸೆಳೆತವನ್ನೂ ಬೇರೆ ಬೇರೆ ಸಂಕೇತಗಳನ್ನೂ ಕಂಡಿದ್ದಾರೆ. ಕಂಡಿರಲಿ. ಹಿರೇಗುಂಟನೂರಿನ ಬಸ್ಸಿನಲ್ಲಿ ದಿನವೂ ಒಬ್ಬ ಪುಟ್ಟ ಇರುತ್ತಾನೆ. ಪಕ್ಕದ ಸೀಟಿನ ಹೆಂಗಸು ಯಾರ ಮಗಳೆಂದು ವಿಚಾರಿಸಿ, ಓದಿ ಏನು ಮಾಡುತ್ತೀಯೆಂದು ಕೇಳಿ, ಗಂಡು ನೋಡುತ್ತಿದ್ದಾರೆಯೇ ಎಂಬಲ್ಲಿಗೆ ಮುಟ್ಟುವಷ್ಟರಲ್ಲಿ ದುರ್ಗದ ಕೋಟೆ ಕಾಣತೊಡಗಿರುತ್ತದೆ. ಆಚಾರ್ಯರಿಗೆ ಜೀವಮಾನದಲ್ಲಿ ಒಮ್ಮೆ ಒದಗಿದ ಸಂಕಟ ಈ ಹುಡುಗಿಯರಿಗೆ ದಿನಕ್ಕೆರಡು ಸಲ. ಹೀಗಾಗಿ ಅವರ ತೀರ್ಮಾನ ತಟಕ್ಕನೆ ಬಂದಿತು: ಆ ಕಾದಂಬರಿಯಲ್ಲಿ ಆಚಾರ್ಯರನ್ನು ಮನುಷ್ಯನೆಂದು ಮಾತನಾಡಿಸಿದವನು ಪುಟ್ಟನೊಬ್ಬನೇ! ಚಂದ್ರಿಯನ್ನು ಮರೆತ ಈ ತೀರ್ಪು ಪೂರ್ತಿ ನ್ಯಾಯವಲ್ಲ. ಆದರೂ ತರಗತಿಯ ಟಿಪ್ಪಣಿಗಿಂತ ಜೀವಂತವಾದದ್ದು.

ಯಶವಂತ ಚಿತ್ತಾಲರ 'ಶಿಕಾರಿ' (1979) ಅವರಿಗೆ ಕಷ್ಟವಾಯಿತು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪ ಏನೆಂದು ತಿಳಿಯದ ಆಪಾದನೆಯ ಬಲೆಗೆ ಸಿಕ್ಕಿ, ಯಾರು ಮಿತ್ರ ಯಾರು ಬೇಟೆಗಾರನೆಂದು ಅರಿಯದೆ ತೊಳಲುವ ಕಥೆ ಅದು. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಿಂದ ಹೋಗಿ ಮುಂಬಯಿಯಲ್ಲಿ ದುಡಿದವರು. ಕೈಗಾರಿಕಾ ಲೋಕದ ಒಳಹೊರಗನ್ನು ಕಂಡವರು. ಆಫೀಸು, ಫ್ಲ್ಯಾಟು, ಪಾರ್ಟಿ, ಬಡ್ತಿಯ ಹುನ್ನಾರ, ಇವೆಲ್ಲ ಹಳ್ಳಿಯ ಹುಡುಗಿಗೆ ದೂರದ ಮಾತು. ಪುಸ್ತಕ ಅರ್ಧಕ್ಕೇ ನಿಂತಿತ್ತು. ಅದನ್ನು ಮತ್ತೆ ಕೈಗೆತ್ತಿಸಿದವನು ಅವಳ ಅಣ್ಣ, ತನಗೇ ತಿಳಿಯದೆ.

ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಒಂದು ಕೋಣೆಯಲ್ಲಿ ನಾಲ್ವರು, ಪಾಳಿಯ ಕೆಲಸ. ಒಬ್ಬ ಮಲಗುವಾಗ ಇನ್ನೊಬ್ಬ ಏಳುತ್ತಾನೆ. ಭಾನುವಾರ ಫೋನು ಬರುತ್ತದೆ. ಊಟವಾಯಿತೆ? ಆಯಿತು. ಕೆಲಸ ಹೇಗಿದೆ? ಚೆನ್ನಾಗಿದೆ. ಯಾವಾಗ ಬರುತ್ತೀ? ನೋಡಬೇಕು. ಮೂರು ಉತ್ತರ, ವಾರಕ್ಕೊಮ್ಮೆ, ವರ್ಷವೆಲ್ಲ. ಇವನು ಬಸ್ಸಿನಲ್ಲಿ ಕಂಡಕ್ಟರನೊಡನೆ ಜಗಳ ಕಾಯುತ್ತಿದ್ದವನು. ಕೆರೆಯ ಏರಿಯ ಮೇಲೆ ಕೂಗಿದರೆ ಊರಿಗೇ ಕೇಳುವಂತೆ ಹಾಡುತ್ತಿದ್ದವನು. ಒಂದು ಭಾನುವಾರ ಹುಡುಗಿ ಫೋನನ್ನು ಕೆಳಗಿಟ್ಟು 'ಶಿಕಾರಿ'ಯನ್ನು ತೆರೆದಳು. ನಾಗಪ್ಪ ಈಗ ಅಪರಿಚಿತನಾಗಿರಲಿಲ್ಲ.

ದುರ್ಗದ ಮಕ್ಕಳಿಗೆ ಒಂಟಿಯಾದ ನಾಯಕನೇನೂ ಹೊಸಬನಲ್ಲ. ತಳುಕಿನ ಮನೆತನದ ತ. ರಾ. ಸುಬ್ಬರಾಯರ 'ಹಂಸಗೀತೆ'ಯ ಭೈರವಿ ವೆಂಕಟಸುಬ್ಬಯ್ಯ ಇದೇ ನೆಲದವನು. ಹಾಡಲಾರೆನೆಂದು ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಕಲಾವಿದ. 1975ರಲ್ಲಿ ಜಿ. ವಿ. ಅಯ್ಯರ್ ಅದನ್ನು ಚಿತ್ರವಾಗಿಸಿದರು. ಇನ್ನು 1972ರ 'ನಾಗರಹಾವು' ಚಿತ್ರದ ರಾಮಾಚಾರಿಯನ್ನು ಅರಿಯದ ಮಗು ದುರ್ಗದಲ್ಲಿಲ್ಲ. ಕೋಟೆ ತೋರಿಸುವವರು ಮದಕರಿ ನಾಯಕನಷ್ಟೇ ಸಲಿಗೆಯಿಂದ ಅವನ ಹೆಸರನ್ನೂ ಹೇಳುತ್ತಾರೆ. ಊರೆಲ್ಲ ಪುಂಡನೆಂದ ಆ ಹುಡುಗನನ್ನು ಅರಿತವರು ಚಾಮಯ್ಯ ಮೇಷ್ಟ್ರೊಬ್ಬರೇ. ತರಾಸು ಅವರ ಒಂಟಿತನಕ್ಕೂ ನವ್ಯರ ಒಂಟಿತನಕ್ಕೂ ಇರುವ ಅಂತರ ಇಲ್ಲಿಯೇ ಕಾಣುತ್ತದೆ. ತರಾಸು ಅವರ ನಾಯಕನಿಗೆ ಊರು ಎದುರು ನಿಂತಿದ್ದರೂ ಒಬ್ಬ ಚಾಮಯ್ಯ ಇರುತ್ತಾನೆ. ನಾಗಪ್ಪನಿಗೆ ಆ ಒಬ್ಬನೂ ಇಲ್ಲ. ಇದ್ದರೂ ಅವನನ್ನು ನಂಬುವ ಶಕ್ತಿ ಇವನಲ್ಲಿ ಉಳಿದಿಲ್ಲ. ಕನ್ನಡ ಕಾದಂಬರಿ ಮೂರು ದಶಕಗಳಲ್ಲಿ ಕಳೆದುಕೊಂಡದ್ದು ಒಬ್ಬ ಮೇಷ್ಟ್ರನ್ನು ಎಂದರೂ ಸಲ್ಲುತ್ತದೆ.

ಇಷ್ಟಾದರೂ ಹುಡುಗಿಯ ಬರವಣಿಗೆ ಸಾಗಲಿಲ್ಲ. ಶಾಂತಿನಾಥ ದೇಸಾಯಿಯವರ 'ಮುಕ್ತಿ' (1961), ಲಂಕೇಶರ 'ಬಿರುಕು' (1967), ಒಂದರ ಮೇಲೊಂದು ಓದಿದ್ದಾಯಿತು. ಎಲ್ಲ ಕಡೆಯೂ ಒಬ್ಬ ತರುಣ ತನ್ನವರಿಂದ ಕಳಚಿಕೊಂಡು ತನ್ನನ್ನೇ ಕೆದಕಿಕೊಳ್ಳುತ್ತಾನೆ. ಪುಸ್ತಕಗಳು ಒಳ್ಳೆಯವೇ. ಆದರೆ ಯಾವುದೋ ಒಂದು ಪ್ರಶ್ನೆ ಬಾಗಿಲಲ್ಲೇ ನಿಂತಿತ್ತು, ಒಳಗೆ ಬಂದಿರಲಿಲ್ಲ.

ಅದನ್ನು ಒಳಗೆ ಕರೆದವಳು ಫ್ರೆಂಚ್ ಮುದುಕಿಯೊಬ್ಬಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆಲ್ಬೇರ್ ಕಮೂ 1942ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯ ನಾಯಕ ಮರ್ಸೋ ತಾಯಿಯ ಶವಸಂಸ್ಕಾರದಲ್ಲಿ ಅಳುವುದಿಲ್ಲ. ಮುಂದೆ ಅವನು ಕೊಲೆಯ ಆಪಾದನೆಗೆ ಸಿಕ್ಕಾಗ ನ್ಯಾಯಾಲಯ ಆ ಬತ್ತಿದ ಕಣ್ಣುಗಳನ್ನೂ ಅವನ ಮೇಲಿನ ಸಾಕ್ಷಿಯಾಗಿಸುತ್ತದೆ. ಜಗತ್ತಿನ ವಿದ್ಯಾರ್ಥಿಗಳೆಲ್ಲ ಅವನ ಅಳದಿರುವಿಕೆಯನ್ನು ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಹಿರೇಗುಂಟನೂರಿನ ಹುಡುಗಿಯ ಕಣ್ಣು ನಿಂತದ್ದು ಬೇರೆ ಕಡೆ: ಆ ತಾಯಿ ಸತ್ತದ್ದು ವೃದ್ಧಾಶ್ರಮದಲ್ಲಿ. ಅಲ್ಲಿಗೆ ಸೇರಿಸಿದಾಗ ಮೊದಮೊದಲು ಅವಳು ಅತ್ತಿದ್ದಳು. ಮಗ ಅಳಲಿಲ್ಲವೆಂಬುದು ಕಾದಂಬರಿ. ತಾಯಿ ಅತ್ತಿದ್ದಳೆಂಬುದು ಅದರಲ್ಲಿ ಒಂದೆರಡು ಸಾಲು.

ಅಲ್ಲಿಂದ ಆಕೆ ಓದಿದ ಪುಸ್ತಕಗಳನ್ನೆಲ್ಲ ಹಿಂದಿರುಗಿ ನೋಡಿದಳು. 'ಸಂಸ್ಕಾರ'ದಲ್ಲಿ ಆಚಾರ್ಯರ ರೋಗಿ ಹೆಂಡತಿ ಭಾಗೀರಥಿ ಇದ್ದಾಳಲ್ಲ? ಗಂಡನ ತ್ಯಾಗಕ್ಕೆ ಸಾಧನವಾಗಿ ವರ್ಷಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದವಳು. ಅವನು ಮಾರುತಿಯ ಗುಡಿಗೆ, ಕಾಡಿಗೆ, ಕೊನೆಗೆ ತೇರಿಗೂ ಹೋಗಬಲ್ಲ. ಅವಳು ಸೂರು ನೋಡುತ್ತಾ ಮಲಗಿದ್ದಳು. ಆ ಸೂರಿನ ಕಥೆಯನ್ನು ಯಾರು ಬರೆದರು? ನವ್ಯ ಕಾದಂಬರಿಯ ಒಂಟಿತನ ಎದ್ದುಹೋದವನ ಒಂಟಿತನ. ಹಿಂದೆ ಉಳಿದವಳನ್ನು ಅದು ತಿರುಗಿ ನೋಡಿದ್ದು ಕಡಿಮೆ.

ಈ ಮಾತು ಒಪ್ಪತಕ್ಕದ್ದೇ. ಆದರೆ ಕನ್ನಡಕ್ಕೆ ಉಳಿದವರ ಕಥೆ ಗೊತ್ತಿರಲಿಲ್ಲವೆಂದರೆ ತಪ್ಪಾದೀತು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ಇಡೀ ಕಾದಂಬರಿಯೇ ಕಡಲ ಕರೆಯ ಒಂದು ಮನೆಯಲ್ಲಿ ಉಳಿದ ಹೆಂಗಸರದ್ದು. ಪಾರೋತಿ, ಸರಸೋತಿ, ಅವರ ಬಳಿಕ ನಾಗವೇಣಿ. ಗಂಡ ಲಚ್ಚ ಮನೆಮಾರು ಹಾಳುಮಾಡಿದ ಮೇಲೆ ಪಿಟೀಲು ಹಿಡಿದು ಕೂರುವ ನಾಗವೇಣಿಯ ಪಕ್ಕದಲ್ಲಿ ನವ್ಯ ನಾಯಕರಲ್ಲಿ ಎಷ್ಟು ಮಂದಿ ನಿಂತಾರು? ಕಾರಂತರು ಅದನ್ನು ಅನಾಥಪ್ರಜ್ಞೆಯೆಂದು ಕರೆಯುವ ಗೋಜಿಗೇ ಹೋಗಲಿಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಬಂದ ಮನೆಯಲ್ಲಿ ಗಂಡನಿದ್ದಾನೆ, ಮಕ್ಕಳಿದ್ದಾರೆ. ಎಲ್ಲರೂ ಅವಳನ್ನು ನೋಡುತ್ತಾರೆ, ಯಾರೂ ನಂಬುವುದಿಲ್ಲ. ನೋಡುವ ಕಣ್ಣುಗಳೇ ಅವಳ ಸುತ್ತ ನೆಟ್ಟ ಬಾಣಗಳು. ಇಂಥ ಕಥೆಗಳನ್ನು 'ಹೆಂಗಸರ ಕಾದಂಬರಿ'ಯೆಂದು ಪಕ್ಕಕ್ಕಿಟ್ಟು, ಗಂಡಸಿನ ಬೇಸರವನ್ನು ತತ್ತ್ವವೆಂದು ಬಗೆದ ವಿಮರ್ಶೆಯ ಲೆಕ್ಕದಲ್ಲಿ ಎಲ್ಲಿಯೋ ತಪ್ಪಿದೆ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಆ ಹುಡುಗಿಯ ಚೀಲದಲ್ಲಿ ಉಳಿದೇಹೋಯಿತು. ಆಟವಾಡುವ ವಯಸ್ಸಿಗೆ ವಿಧವೆಯಾಗಿ, ಮಲೆನಾಡಿನ ತುಂಬಿದ ಮನೆಯಲ್ಲಿ ಎಲ್ಲರಿಗೂ ಬೇಕಾದವಳಾಗಿ, ಯಾರಿಗೂ ಸೇರದವಳಾಗಿ ಮುಪ್ಪಿನವರೆಗೆ ಬಾಳಿದವಳ ಕಥೆ ಅದು. ಫಣಿಯಮ್ಮ ತನ್ನನ್ನು ಒಂಟಿಯೆಂದುಕೊಳ್ಳುವುದಿಲ್ಲ. ಅವಳಿಗೆ ಆ ಮಾತೇ ಸಿಕ್ಕಿರಲಾರದು. ಮಾತು ಸಿಗದವರು ಆ ನೋವನ್ನು ಉಣ್ಣುವುದಿಲ್ಲವೆಂದು ಹೇಳುವವರುಂಟೆ?

1973ರಲ್ಲಿ ಪೂರ್ಣಚಂದ್ರ ತೇಜಸ್ವಿ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿ ತಮಗೆ ಸಾಲದೆಂದು ಹೊರನಡೆದದ್ದು ಸಾಹಿತ್ಯ ಚರಿತ್ರೆಯ ಮಾತು. ಅವರ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ. ಅವನ ಒಂಟಿತನಕ್ಕೆ ಕಡತಗಳೇ ಗೋಡೆ. ಇತ್ತ ವಿವೇಕ ಶಾನಭಾಗರ 'ಘಾಚರ್ ಘೋಚರ್'ನ ನಿರೂಪಕ ತುಂಬಿದ ಮನೆಯಿಂದ ಪಾರಾಗಲು ಬೆಂಗಳೂರಿನ ಕಾಫಿ ಹೌಸಿಗೆ ಬಂದು ಕೂರುತ್ತಾನೆ. ಅಲ್ಲಿನ ವಿನ್ಸೆಂಟ್ ತರುವ ಕಾಫಿಯಲ್ಲಿ ಸಮಾಧಾನ ಹುಡುಕುತ್ತಾನೆ. ಊರು ಬದಲಾಯಿತು, ಕಾಲ ಬದಲಾಯಿತು. ಚಾಮಯ್ಯ ಮೇಷ್ಟ್ರ ಜಾಗಕ್ಕೆ ಕಾಫಿ ತರುವವನು ಬಂದ.

ಬರೆದು ಮುಗಿಸಬೇಕಾದ ವಾರ ಹುಡುಗಿ ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತಳು. ಈ ವರ್ಷ ಓದು ಮುಗಿದರೆ ತಾನೂ ಹೋಗುವವಳೇ, ಕೆಲಸಕ್ಕೋ, ಮದುವೆಯಾಗಿಯೋ. ಅಣ್ಣ ಹೋದಾಗ ಅಜ್ಜಿ ಹೇಳಿದ್ದಳು: ಮನೆ ಬಿಕೋ ಅಂತೈತೆ. ಆಗ ಅದು ಬರಿಯ ಮನೆಯ ಮಾತಾಗಿ ಕೇಳಿಸಿತ್ತು. ಈಗ ಹಾಗೆ ಕೇಳಿಸದು. ಪುಸ್ತಕ ಓದಿದ್ದರ ಲಾಭವೋ ನಷ್ಟವೋ, ಆ ಮಾತಿನ ಒಳಗೆ ಕೂತವಳು ಕಾಣತೊಡಗಿದ್ದಳು. ಎಪ್ಪತ್ತು ದಾಟಿದ ಜೀವ. ಗಂಡ ಹೋಗಿ ಮೂವತ್ತು ವರ್ಷ. ಹಗಲೆಲ್ಲ ಜಗಲಿ ತುಂಬ ಜನ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎಲೆಅಡಿಕೆ ಕುಟ್ಟುವ ಸದ್ದು ಎಷ್ಟು ಹೊತ್ತಿನವರೆಗೆ ಕೇಳುತ್ತದೆಂಬುದನ್ನು ಈವರೆಗೆ ಯಾರೂ ಎಣಿಸಿರಲಿಲ್ಲ.

ಕೇಳಬೇಕೆಂದಿದ್ದ ಪ್ರಶ್ನೆ ಬಾಯಿಗೆ ಬರಲಿಲ್ಲ. ಅದನ್ನು ಕೇಳುವ ಮಾತು ಪುಸ್ತಕದ ಕನ್ನಡದಲ್ಲಿತ್ತು. ಜಗಲಿಯ ಕನ್ನಡದಲ್ಲಿ ಇರಲಿಲ್ಲ. ಅಜ್ಜಿಯೇ ಕೇಳಿದಳು: "ಅಷ್ಟು ದಿನದಿಂದ ಓದ್ತಿದ್ದೀಯಲ್ಲ, ಅದರಾಗೆ ಏನೈತೆ ಹೇಳೇ ತಾಯೀ."

ಹುಡುಗಿ 'ಸಂಸ್ಕಾರ'ದ ಕಥೆ ಹೇಳತೊಡಗಿದಳು. ಅಗ್ರಹಾರ, ಇಲಿಗಳು, ಹೆಣ, ಜಗಳ. ಅಜ್ಜಿ ಶೇಂಗಾ ಸುಲಿಯುತ್ತ ಕೇಳಿದಳು. ನೆರೆಮನೆಯಾಕೆ ಬಂದು ಕಂಬಕ್ಕೊರಗಿದಳು. ತಾಯಿ ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬಂದು ನಿಂತಳು. ಭಾಗೀರಥಿ ಸತ್ತಲ್ಲಿ ಅಜ್ಜಿಯ ಕೈ ಒಂದು ಗಳಿಗೆ ನಿಂತು ಮತ್ತೆ ಸುಲಿಯತೊಡಗಿತು. ಆಚಾರ್ಯರು ಹೊರಟರು, ಪುಟ್ಟ ಸಿಕ್ಕಿದ, ಒಗಟು ಹಾಕಿದ, ಜಗಲಿ ನಕ್ಕಿತು. ತೇರು ಮುಗಿಯಿತು. ಕೊನೆಗೆ ಒಂದು ಗಾಡಿ ಬರುತ್ತದೆ, ಅದರಲ್ಲಿ ಒಬ್ಬರಿಗೆ ಮಾತ್ರ ಎಡೆ, ಆಚಾರ್ಯರು ಹತ್ತಿ ಊರ ದಾರಿ ಹಿಡಿಯುತ್ತಾರೆ, ಮುಂದೇನೆಂದು ಅವರಿಗೂ ತಿಳಿಯದು. ಕಥೆ ಅಲ್ಲಿಗೆ ಮುಗಿಯಿತು ಎಂದಳು ಹುಡುಗಿ.

ಅಜ್ಜಿ ಮೊರದಿಂದ ತಲೆಯೆತ್ತಿದಳು.

"ಆ ಪುಟ್ಟ ಹುಡುಗ ಹಿಂದೇ ಉಳಿದ್ನಲ್ಲೇ. ಕತ್ತಲಾಗೆ ಒಬ್ಬನೇ ಊರಿಗೆ ಹೆಂಗೆ ಹೋದ?"